ಫಾರ್ಮಾಸಿಸ್ಟ್ ಆಗುವ ದಾರಿ: ಹಾಸನ, ಚಿಕ್ಕಮಗಳೂರು ಭಾಗದ ವಿದ್ಯಾರ್ಥಿಗಳಿಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಅರಕಲಗೂಡಿನಂಥ ಊರುಗಳಲ್ಲಿ ಮೈ ಸರಿಯಿಲ್ಲದವರಲ್ಲಿ ಬಹಳ ಮಂದಿ ವೈದ್ಯರನ್ನು ಕಾಣುವ ಮುನ್ನ ಬಸ್ ನಿಲ್ದಾಣದ ಆಸುಪಾಸಿನ ಮೆಡಿಕಲ್ ಶಾಪಿಗೆ ಬರುತ್ತಾರೆ. ದೂರದ ಕಾಫಿ ತೋಟದ ಲೈನುಗಳಲ್ಲಿ ವಾಸಿಸುವ ಕಾರ್ಮಿಕರಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಬಿಡಬೇಕಾದ ಮಾತು. ಆದ್ದರಿಂದ ಸಂತೆಯ ದಿನವೋ ಬಟವಾಡೆಯ ದಿನವೋ ಪೇಟೆಗೆ ಬಂದಾಗ, ಜ್ವರ, ಸೊಂಟನೋವು, ಬಿಡದ ಕೆಮ್ಮು ಎಲ್ಲವನ್ನೂ ಆ ಕೌಂಟರಿನ ಮುಂದೆಯೇ ಹೇಳಿಕೊಳ್ಳುತ್ತಾರೆ. ಆ ಮಾತನ್ನು ಕೇಳಿಸಿಕೊಳ್ಳುವ ವ್ಯಕ್ತಿ ಓದಿದವನೇ, ನೋಂದಾಯಿತನೇ, ಆ ಹೊತ್ತಿಗೆ ಅಂಗಡಿಯಲ್ಲಿ ಇದ್ದಾನೆಯೇ ಎಂಬುದರ ಮೇಲೆ ರೋಗಿಯ ಮುಂದಿನ ಹಲವು ದಿನಗಳು ನಿಂತಿರುತ್ತವೆ. ಫಾರ್ಮಾಸಿಸ್ಟ್ ಆಗಬೇಕೆನ್ನುವ ಪಿಯು ವಿದ್ಯಾರ್ಥಿಗಳು ಮತ್ತು ಅವರ ಮನೆಯವರು ಈ ಬರಹವನ್ನು ಓದುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ತಾನು ಬೇರೆಲ್ಲೋ ಇರುವುದಕ್ಕಾಗಿ ಈ ವಿದ್ಯೆಯನ್ನು ಕಲಿಯುವುದಾದರೆ ಕಲಿಯದಿರುವುದೇ ಮೇಲು. ಇದು ಕೌಂಟರಿನ ಹಿಂದೆ ತಾವೇ ನಿಲ್ಲುವವರ ಕೆಲಸ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧವನ್ನು ತಯಾರಿಸುವ, ಬೆರೆಸುವ, ವಿತರಿಸುವ ಅಧಿಕಾರ ಇರುವುದು ನೋಂದಾಯಿತ ಫಾರ್ಮಾಸಿಸ್ಟರಿಗೆ ಮಾತ್ರ, ಉಲ್ಲಂಘಿಸಿದವರಿಗೆ ಶಿಕ್ಷೆಯುಂಟು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ಅಡಿಯಲ್ಲಿ ಬಂದ 1945ರ ನಿಯಮಗಳ 65ನೇ ನಿಯಮವು, ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟ್ ತಾನೇ ಕೊಡಬೇಕು ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎನ್ನುತ್ತದೆ. ಫೋನಿನಲ್ಲಿ ಸಿಗುತ್ತೇನೆ ಎನ್ನುವುದು ಖುದ್ದು ಮೇಲ್ವಿಚಾರಣೆ ಆಗುವುದಿಲ್ಲ.

ಯಾವ ಕೋರ್ಸ್ ಆರಿಸಿಕೊಳ್ಳಬೇಕು

ಈ ವೃತ್ತಿಗೆ ಮೂರು ಬಾಗಿಲುಗಳಿವೆ. ಮೊದಲನೆಯದು ಡಿ.ಫಾರ್ಮ್, ಅಂದರೆ ಎರಡು ವರ್ಷದ ಡಿಪ್ಲೊಮಾ ಮತ್ತು ಅದರ ನಂತರದ ಪ್ರಾಯೋಗಿಕ ತರಬೇತಿ. ಪಿಯುಸಿ ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ಓದಿ ತೇರ್ಗಡೆಯಾದವರು ಇದಕ್ಕೆ ಅರ್ಹರು. ವಾಣಿಜ್ಯ, ಕಲಾ ವಿಭಾಗದವರಿಗೆ ಪ್ರವೇಶವಿಲ್ಲ. ಎರಡನೆಯದು ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳ ಬಿ.ಫಾರ್ಮ್. ಮೂರನೆಯದು 2008ರಲ್ಲಿ ಭಾರತದಲ್ಲಿ ಆರಂಭವಾದ ಆರು ವರ್ಷದ ಫಾರ್ಮ್.ಡಿ, ಇದರಲ್ಲಿ ಐದು ವರ್ಷ ಓದು, ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬಿ.ಫಾರ್ಮ್ ಮತ್ತು ಫಾರ್ಮ್.ಡಿ ಸರ್ಕಾರಿ ಕೋಟಾದ ಸೀಟುಗಳಿಗೆ ಸಿಇಟಿ ಬರೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಭಾಗವಹಿಸಬೇಕು. ನಮ್ಮ ಕಡೆಯ ಅನೇಕ ಮಕ್ಕಳು ನೀಟ್ ಒಂದನ್ನೇ ನೆಚ್ಚಿಕೊಂಡು ಸಿಇಟಿಗೆ ಅರ್ಜಿಯನ್ನೇ ಹಾಕದೆ ಇರುತ್ತಾರೆ. ಆಮೇಲೆ ಫಾರ್ಮಸಿಯ ಕಡೆ ಮನಸ್ಸು ತಿರುಗಿದಾಗ ಆಡಳಿತ ಮಂಡಳಿಯ ಸೀಟಿಗೆ ದೊಡ್ಡ ಶುಲ್ಕ ಕೊಡಬೇಕಾಗುತ್ತದೆ. ಜೀವಶಾಸ್ತ್ರ ಓದುತ್ತಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಸಿಇಟಿ ಅರ್ಜಿಯನ್ನು ತಪ್ಪದೆ ಹಾಕುವುದು ಒಳ್ಳೆಯದು.

ಇವುಗಳಲ್ಲಿ ಯಾವುದು ಯಾರಿಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಊರಿನಲ್ಲೇ ಮೆಡಿಕಲ್ ಶಾಪ್ ನಡೆಸಬೇಕು, ಇಲ್ಲವೇ ಬೇಗ ದುಡಿಮೆಗೆ ನಿಲ್ಲಬೇಕು ಎನ್ನುವವರಿಗೆ ಡಿ.ಫಾರ್ಮ್ ಸಾಕು, ನೋಂದಣಿಯ ಮಟ್ಟಿಗೆ ಅದರ ಹಕ್ಕು ಬಿ.ಫಾರ್ಮ್ ಹಕ್ಕಿಗಿಂತ ಕಡಿಮೆಯದಲ್ಲ. ಔಷಧ ತಯಾರಿಕಾ ಕಾರ್ಖಾನೆ, ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯ, ಡ್ರಗ್ ಇನ್‌ಸ್ಪೆಕ್ಟರ್ ಹುದ್ದೆ, ಎಂ.ಫಾರ್ಮ್ ಮಾಡಿ ಬೋಧನೆ, ಇವುಗಳಲ್ಲಿ ಯಾವುದರ ಮೇಲೆ ಕಣ್ಣಿದ್ದರೂ ಬಿ.ಫಾರ್ಮ್ ಬೇಕೇ ಬೇಕು. ಆಸ್ಪತ್ರೆಯ ವಾರ್ಡುಗಳಲ್ಲಿ ವೈದ್ಯರ ಜೊತೆ ನಿಂತು ರೋಗಿಯ ಔಷಧಗಳನ್ನು ಪರಿಶೀಲಿಸುವ ಕ್ಲಿನಿಕಲ್ ಕೆಲಸ ಮಾಡಬೇಕೆನ್ನುವವರು ಫಾರ್ಮ್.ಡಿ ಆರಿಸಿಕೊಳ್ಳಬಹುದು, ಆದರೆ ಅಂಥ ಹುದ್ದೆಗಳು ಸದ್ಯಕ್ಕೆ ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿವೆ ಎಂಬುದನ್ನು ತಿಳಿದೇ ಸೇರಬೇಕು. ಮನೆಯ ಕಷ್ಟದಿಂದಾಗಿ ಡಿ.ಫಾರ್ಮ್ ಮಾಡಿದವರಿಗೆ ಮುಂದಿನ ದಾರಿ ಮುಚ್ಚಿಹೋಗುವುದಿಲ್ಲ, ಅವರು ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಆರು ತಿಂಗಳು ಕಷ್ಟವಾಗುತ್ತದೆ. ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಡಿ.ಫಾರ್ಮ್ ಮೊದಲ ವರ್ಷದಲ್ಲಿ ಫಾರ್ಮಾಸ್ಯುಟಿಕ್ಸ್ (ಔಷಧ ತಯಾರಿಸುವ ವಿದ್ಯೆ), ಔಷಧ ರಸಾಯನಶಾಸ್ತ್ರ, ಫಾರ್ಮಕಾಗ್ನಸಿ (ಗಿಡಮೂಲಿಕೆಯಂಥ ನೈಸರ್ಗಿಕ ಮೂಲದ ಔಷಧಗಳ ವಿದ್ಯೆ), ದೇಹರಚನೆ ಮತ್ತು ಶರೀರಕ್ರಿಯೆ, ಸೋಷಿಯಲ್ ಫಾರ್ಮಸಿ ಎಂಬ ವಿಷಯಗಳಿದ್ದು, ಎರಡನೇ ವರ್ಷದಲ್ಲಿ ಫಾರ್ಮಕಾಲಜಿ, ಚಿಕಿತ್ಸಾಶಾಸ್ತ್ರ, ಕಾನೂನು, ಆಸ್ಪತ್ರೆ ಫಾರ್ಮಸಿ, ಸಮುದಾಯ ಫಾರ್ಮಸಿ ಮುಂತಾದವು ಬರುತ್ತವೆ. ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಫಾರ್ಮಕಾಲಜಿ, ಅಂದರೆ ಒಂದು ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ವಿಷಯ. ಅದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮೇಲೆ ಏನೂ ಉಳಿಯದು. ದಿನಕ್ಕೆ ಒಂದೊಂದು ಔಷಧವನ್ನು ತೆಗೆದುಕೊಂಡು, ಅದು ಯಾವ ಕಾಯಿಲೆಗೆ, ಯಾವ ಹೊತ್ತಿನಲ್ಲಿ, ಊಟಕ್ಕೆ ಮೊದಲೋ ಆಮೇಲೋ, ಯಾರಿಗೆ ಕೊಡಬಾರದು, ಯಾವುದರ ಜೊತೆ ಕೂಡಬಾರದು ಎಂಬುದನ್ನು ಕನ್ನಡದಲ್ಲಿ, ಅಜ್ಜಿಗೆ ಹೇಳುವ ಮಾತಿನಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡವರು ಪರೀಕ್ಷೆಯಲ್ಲೂ ಕೌಂಟರಿನಲ್ಲೂ ಮುಂದೆ ಇರುತ್ತಾರೆ. ಬಿ.ಫಾರ್ಮ್‌ನಲ್ಲಿ ಮೊದಲ ಸೆಮಿಸ್ಟರಿನಲ್ಲೇ ಜೀವಶಾಸ್ತ್ರ ಓದದವರಿಗೆ ಜೀವಶಾಸ್ತ್ರದ, ಗಣಿತ ಓದದವರಿಗೆ ಗಣಿತದ ಪೂರಕ ಪಾಠವಿರುತ್ತದೆ. ಆ ಬಗ್ಗೆ ಹೆದರಬೇಕಾಗಿಲ್ಲ.

ಕಾಲೇಜನ್ನು ಆರಿಸುವಾಗ ಕಟ್ಟಡ, ಬಸ್ಸು, ಹಾಸ್ಟೆಲ್ಲುಗಳಿಗಿಂತ ಮೊದಲು ನೋಡಬೇಕಾದದ್ದು ಭಾರತೀಯ ಫಾರ್ಮಸಿ ಪರಿಷತ್ತಿನ ಅನುಮೋದನೆ. ಅನುಮೋದನೆಯಿಲ್ಲದ ಸಂಸ್ಥೆಯಲ್ಲಿ ಎಷ್ಟೇ ಅಂಕ ಪಡೆದರೂ ನೋಂದಣಿ ಸಿಗುವುದಿಲ್ಲ. ನೋಂದಣಿಯಿಲ್ಲದ ಪದವಿಯಿಂದ ಔಷಧದ ಅಂಗಡಿಯಲ್ಲಿ ಏನೂ ಮಾಡಲಾಗದು. ಪರಿಷತ್ತಿನ ಜಾಲತಾಣದಲ್ಲಿ ಆಯಾ ವರ್ಷಕ್ಕೆ ಅನುಮೋದಿತ ಸಂಸ್ಥೆಗಳ ಪಟ್ಟಿಯಿರುತ್ತದೆ. ಸೇರುವ ವರ್ಷದ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರೂ ಕೋರ್ಸಿನ ಹೆಸರೂ ಇರುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕಟ್ಟಬೇಕು. ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು ಎಂದು ಹೇಳುವ ಮಧ್ಯವರ್ತಿಗಳನ್ನು ಮನೆಯ ಬಾಗಿಲಿಗೂ ಸೇರಿಸಬೇಡಿ. ಡಿ.ಫಾರ್ಮ್‌ಗೆ ಶೇ 75ರ ಹಾಜರಾತಿ ನಿಯಮದಲ್ಲೇ ಇದೆ. ನಮ್ಮ ಎರಡು ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಸುತ್ತಲಿನ ಊರುಗಳಲ್ಲಿ ಹಳೆಯ ಸಂಸ್ಥೆಗಳಿವೆ: ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು, ಚನ್ನರಾಯಪಟ್ಟಣದವರಿಗೆ ಹತ್ತಿರವಾಗುವ ಬಿ.ಜಿ. ನಗರದ ಶ್ರೀ ಆದಿಚುಂಚನಗಿರಿ ಫಾರ್ಮಸಿ ಕಾಲೇಜು, ತರೀಕೆರೆ, ಕೊಪ್ಪದ ಕಡೆಯವರಿಗೆ ಶಿವಮೊಗ್ಗದ ನ್ಯಾಷನಲ್ ಫಾರ್ಮಸಿ ಕಾಲೇಜು, ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು. ಸರ್ಕಾರಿ ಕಾಲೇಜಿನ ಶುಲ್ಕ ಕಡಿಮೆಯಾದ್ದರಿಂದ ಅಲ್ಲಿ ಪೈಪೋಟಿ ಹೆಚ್ಚು.

ತರಬೇತಿ, ಎಕ್ಸಿಟ್ ಪರೀಕ್ಷೆ, ನೋಂದಣಿ

ಡಿ.ಫಾರ್ಮ್ ಪರೀಕ್ಷೆ ಮುಗಿಸಿದವರು 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಆಸ್ಪತ್ರೆಯ ಔಷಧಾಲಯದಲ್ಲೋ ಮಾನ್ಯತೆ ಪಡೆದ ಫಾರ್ಮಸಿಯಲ್ಲೋ ಮುಗಿಸಬೇಕು. ಈ ಗಂಟೆಗಳನ್ನು ಕಾಗದದ ಮೇಲೆ ತುಂಬಿಸಿ ಸಹಿ ಹಾಕಿಸಿಕೊಳ್ಳುವ ರೂಢಿ ಅಲ್ಲಲ್ಲಿ ಇದೆ, ಮತ್ತು ಅದರಷ್ಟು ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಎರಡು ವರ್ಷ ತರಗತಿಯಲ್ಲಿ ಕಲಿತದ್ದು ಕೈಗೆ ಹತ್ತುವುದು ಇಲ್ಲಿಯೇ. ಸಾಧ್ಯವಾದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಅಥವಾ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಂಥ, ದಿನವೂ ನೂರಾರು ಚೀಟಿಗಳು ಬರುವ ಕಡೆ ತರಬೇತಿಗೆ ಅನುಮತಿ ಕೇಳಿ ನೋಡಿ. ಮೊದಲ ವಾರಗಳಲ್ಲಿ ವೈದ್ಯರ ಕೈಬರಹವನ್ನು ಓದುವುದನ್ನೂ ಒ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎಂದರೆ ಎರಡು ಬಾರಿ, ಟಿ.ಡಿ.ಎಸ್. ಎಂದರೆ ಮೂರು ಬಾರಿ, ಎಚ್.ಎಸ್. ಎಂದರೆ ಮಲಗುವ ಮುನ್ನ, ಎಸ್.ಒ.ಎಸ್. ಎಂದರೆ ಬೇಕೆನಿಸಿದಾಗ ಮಾತ್ರ ಎಂಬ ಸಂಕ್ಷೇಪಗಳನ್ನೂ ರೂಢಿ ಮಾಡಿಕೊಳ್ಳಬೇಕು. ಅನುಮಾನ ಬಂದ ಅಕ್ಷರವನ್ನು ಊಹಿಸಿ ಕೊಡುವ ಚಟವನ್ನು ಆರಂಭದಲ್ಲೇ ಬಿಡಬೇಕು. ಚೀಟಿ ಬರೆದ ವೈದ್ಯರಿಗೆ ಫೋನ್ ಮಾಡಿ ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ, ಒಳ್ಳೆಯ ವೈದ್ಯರು ಅದನ್ನು ಮೆಚ್ಚುತ್ತಾರೆ.

2022ರಲ್ಲಿ ಬಂದ ನಿಯಮಾವಳಿಯ ಪ್ರಕಾರ ಡಿ.ಫಾರ್ಮ್ ಮುಗಿಸಿದವರಿಗೆ ನೋಂದಣಿಗೆ ಮುನ್ನ ಒಂದು ಎಕ್ಸಿಟ್ ಪರೀಕ್ಷೆಯನ್ನು ವಿಧಿಸಲಾಯಿತು. ಮೂರು ಪತ್ರಿಕೆಗಳಿರುವ ಇದರ ಮೊದಲ ಪರೀಕ್ಷೆ 2024ರ ಅಕ್ಟೋಬರಿನಲ್ಲಿ ನಡೆಯಿತು, ಮತ್ತು ಪ್ರತಿ ಪತ್ರಿಕೆಯಲ್ಲೂ ಶೇ 50ರಷ್ಟು ಅಂಕ ಬೇಕು. ನಿಮ್ಮ ಬ್ಯಾಚಿಗೆ ಅನ್ವಯಿಸುವ ಅಧಿಸೂಚನೆಯನ್ನು ಅರ್ಜಿ ಹಾಕುವ ಮೊದಲು ಭಾರತೀಯ ಫಾರ್ಮಸಿ ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಳ್ಳಿ. ನೋಂದಣಿಯ ಅರ್ಜಿಯನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿಗೆ ಸಲ್ಲಿಸಬೇಕು. ಎಸ್ಎಸ್ಎಲ್‌ಸಿ, ಪಿಯುಸಿ ಅಂಕಪಟ್ಟಿಗಳು, ಡಿ.ಫಾರ್ಮ್ ಅಥವಾ ಬಿ.ಫಾರ್ಮ್ ಪ್ರಮಾಣಪತ್ರ, ತರಬೇತಿ ಪ್ರಮಾಣಪತ್ರ, ಗುರುತಿನ ಮತ್ತು ವಿಳಾಸದ ದಾಖಲೆ, ಭಾವಚಿತ್ರ ಇವೆಲ್ಲದರಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳಬೇಕು. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಅರ್ಜಿ ನಿಲ್ಲುವುದುಂಟು. ನೋಂದಣಿಯಾದ ಮೇಲೆ ಅವಧಿಗೆ ಸರಿಯಾಗಿ ಶುಲ್ಕ ಕಟ್ಟಿ ನವೀಕರಿಸುತ್ತಿರಬೇಕು, ಇಲ್ಲವಾದರೆ ಹೆಸರು ರಿಜಿಸ್ಟರಿನಿಂದ ಬಿಟ್ಟುಹೋಗುತ್ತದೆ.

ನೋಂದಣಿ ಸಂಖ್ಯೆ ಕೈಗೆ ಬಂದ ವಾರದಲ್ಲೇ ಯಾರಾದರೂ ಮನೆಗೆ ಬಂದು, "ನೀವು ಬರುವುದೇನೂ ಬೇಡ, ಸರ್ಟಿಫಿಕೇಟ್ ಇಟ್ಟರೆ ಸಾಕು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಕೇಳಬಹುದು. ಹೊಸದಾಗಿ ಓದಿ ಬಂದ, ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಅದು ಕೂತಲ್ಲಿಗೇ ಬಂದ ಸಂಬಳದಂತೆ ತೋರುತ್ತದೆ. ಆದರೆ ಆ ಅಂಗಡಿಯಲ್ಲಿ ಯಾರೋ ಕೊಟ್ಟ ಪ್ರತಿಯೊಂದು ಮಾತ್ರೆಗೂ ಕಾಗದದ ಮೇಲೆ ನೀವೇ ಹೊಣೆ. ಚೀಟಿಯಿಲ್ಲದೆ ನಿದ್ರೆ ಮಾತ್ರೆ ಮಾರಿದರೂ ಮಗುವಿಗೆ ದೊಡ್ಡವರ ಔಷಧ ಕೊಟ್ಟರೂ ಪರಿವೀಕ್ಷಕರ ವರದಿಯಲ್ಲಿ ಬರುವುದು ನಿಮ್ಮ ಹೆಸರು. ನೋಂದಣಿ ರದ್ದಾದರೆ ಕಳೆದುಕೊಳ್ಳುವುದು ನೀವು. ಇದಕ್ಕಿಂತಲೂ ದೊಡ್ಡ ನಷ್ಟವೆಂದರೆ ಹೀಗೆ ಬಾಡಿಗೆಗೆ ಕೊಟ್ಟ ಪ್ರತಿ ಪ್ರಮಾಣಪತ್ರವೂ ಒಂದು ಊರಿನ ಜನರಿಂದ ಒಬ್ಬ ಫಾರ್ಮಾಸಿಸ್ಟನ್ನು ಕಸಿದುಕೊಳ್ಳುತ್ತದೆ. ಸಂಬಳ ಕಡಿಮೆಯಾದರೂ ನೀವೇ ಇರುವ ಕಡೆ ಮಾತ್ರ ನಿಮ್ಮ ಹೆಸರು ಇರಲಿ.

ಕೌಂಟರಿನ ಕೆಲಸ

2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಾವಳಿ, ಫಾರ್ಮಾಸಿಸ್ಟ್ ಶುಭ್ರವಾದ ಬಿಳಿ ಕೋಟು ಧರಿಸಿ ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಹಾಕಿರಬೇಕು, ರೋಗಿಗೆ ಔಷಧದ ಬಗ್ಗೆ ತಿಳಿವಳಿಕೆ ಕೊಡಬೇಕು ಎಂದು ಹೇಳುತ್ತದೆ. ಚೀಟಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು, ಔಷಧದ ಪ್ರಮಾಣ. ನಂತರ ಔಷಧವನ್ನು ಕಪಾಟಿನಿಂದ ತೆಗೆಯುವಾಗ ಒಮ್ಮೆ, ಕವರಿಗೆ ಹಾಕುವಾಗ ಒಮ್ಮೆ, ಕೈಗೆ ಕೊಡುವಾಗ ಒಮ್ಮೆ ಹೆಸರನ್ನೂ ಮಿಲಿಗ್ರಾಮನ್ನೂ ಅವಧಿ ಮುಗಿಯುವ ತಿಂಗಳನ್ನೂ ಓದಬೇಕು. ಒಂದೇ ಬಣ್ಣದ ಸ್ಟ್ರಿಪ್‌ಗಳು, ಒಂದೇ ಥರ ಕೇಳಿಸುವ ಹೆಸರುಗಳು ಎಷ್ಟು ಇವೆಯೆಂದರೆ, ಅನುಭವಿಗಳ ಕೈ ಕೂಡ ತಪ್ಪಬಹುದು. ಅಂಥವನ್ನು ಅಕ್ಕಪಕ್ಕದಲ್ಲಿ ಇಡದಿರುವುದು ಒಳ್ಳೆಯದು. ಚೀಟಿಯಲ್ಲಿರುವ ಷೆಡ್ಯೂಲ್ ಎಚ್ ಔಷಧದ (ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬಹುದಾದ ಔಷಧದ) ಬ್ರ್ಯಾಂಡ್ ಇಲ್ಲದಿದ್ದರೆ ಅದೇ ಅಂಶದ ಬೇರೆ ಬ್ರ್ಯಾಂಡನ್ನು ತಾವಾಗಿಯೇ ಬದಲಿಸಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಆಮೇಲಿನದು ಮಾತು. "ಯಜಮಾನರೇ, ಈ ಮಾತ್ರೆ ನಿಮಗೋ, ಮನೆಯಲ್ಲಿ ಇನ್ಯಾರಿಗೋ?" ಎಂಬ ಒಂದು ಪ್ರಶ್ನೆಯಿಂದ ಎಷ್ಟೋ ಅನಾಹುತಗಳು ತಪ್ಪುತ್ತವೆ, ಏಕೆಂದರೆ ಹಳ್ಳಿಗಳಿಂದ ಪೇಟೆಗೆ ಬಂದವರು ನೆರೆಮನೆಯವರ ಔಷಧವನ್ನೂ ತೆಗೆದುಕೊಂಡು ಹೋಗುತ್ತಾರೆ. ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇದೆಯೇ, ಹೆಂಗಸರಾದರೆ ಬಸುರಿಯೋ ಬಾಣಂತಿಯೋ, ಹಿಂದೆ ಯಾವ ಮಾತ್ರೆಯಿಂದಾದರೂ ಮೈಯೆಲ್ಲ ದದ್ದು ಬಂದಿತ್ತೇ ಎಂದು ಕೇಳಬೇಕು. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಬಿಪಿ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಪ್ರತಿ ತಿಂಗಳು ಆ ಮಾತ್ರೆಯ ಜೊತೆಗೆ ಕೆಮ್ಮಿನ ಸಿರಪ್ಪನ್ನೂ ಕೇಳುವವರನ್ನು ಗುರುತಿಸಿ ಮತ್ತೆ ವೈದ್ಯರ ಬಳಿ ಕಳಿಸಿದರೆ ಮಾತ್ರೆ ಬದಲಾಗಿ ಕೆಮ್ಮೂ ಹೋಗುತ್ತದೆ, ಸಿರಪ್ಪಿನ ಖರ್ಚೂ ಉಳಿಯುತ್ತದೆ. ಅಂಗಡಿಗೆ ಒಂದು ಸಿರಪ್ಪಿನ ವ್ಯಾಪಾರ ಕಡಿಮೆಯಾದರೆ ಆಗಲಿ.

ಕಾಫಿಯ ನಾಡಿನಲ್ಲಿ ಮರೆಯದೆ ಹೇಳಬೇಕಾದ ಒಂದು ವಿಷಯವಿದೆ. ಥೈರಾಯ್ಡಿನ ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ ತೆಗೆದುಕೊಳ್ಳಬೇಕು. ಕಾಫಿಯ ಜೊತೆಗೇ ನುಂಗಿದರೆ ಔಷಧ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಕಾಫಿ, ಚಹಾದಿಂದ ದೂರವಿಡಬೇಕು. ಬೆಳಿಗ್ಗೆ ಎದ್ದ ಕೂಡಲೇ ಲೋಟ ಹಿಡಿಯುವ ನಮ್ಮ ಜನರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಕವರಿನ ಮೇಲೆ ಬರೆದುಕೊಡಬೇಕು. ತೋಟಗಳಿಗೆ ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯಿಂದ ಬಂದಿರುವ ಕಾರ್ಮಿಕರಿಗೆ ಕನ್ನಡವೂ ಬಾರದು, ಹಲವರಿಗೆ ಓದೂ ಬಾರದು. ಅವರ ಕವರಿನ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯನ, ರಾತ್ರಿಯ ಮಾತ್ರೆಗೆ ಚಂದ್ರನ ಚಿತ್ರ ಬರೆದು, ಎಷ್ಟು ಮಾತ್ರೆಯೋ ಅಷ್ಟು ಚುಕ್ಕೆ ಇಟ್ಟು, ಅವರಿಂದಲೇ ಮತ್ತೊಮ್ಮೆ ತೋರಿಸಿಕೊಂಡು ಕಳಿಸಬೇಕು.

ಇನ್ಸುಲಿನ್ ಕೊಡುವಾಗ ಸಿರಿಂಜನ್ನು ಕೂಡ ಪರೀಕ್ಷಿಸಬೇಕು. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ವಯಲ್‌ಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. 100 ಯೂನಿಟ್‌ನ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಹೋಗಿ ಪ್ರಾಣಕ್ಕೇ ಅಪಾಯವಾಗುತ್ತದೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧ; ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಆ ಸ್ಟ್ರಿಪ್ ಕೊಡುವಾಗ ವಾರದ ಯಾವ ದಿನ ಎಂದು ಹೆಸರಿಟ್ಟು ಬರೆಯಬೇಕು. ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಮಿನದೂ 250 ಮಿಲಿಗ್ರಾಮಿನದೂ ಇರುವುದರಿಂದ, ತಾಯಂದಿರಿಗೆ ಮಗುವಿನ ತೂಕ ಕೇಳಿ, ಅಳತೆಯ ಮುಚ್ಚಳದಲ್ಲಿ ಗೆರೆ ಎಳೆದು ತೋರಿಸಬೇಕು. ಶೀತದ ಸಿದ್ಧ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಎರಡನ್ನೂ ಸೇರಿಸಿ ನುಂಗಿದರೆ ಯಕೃತ್ತಿಗೆ ಪೆಟ್ಟು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಸೇರಿದ್ದ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ತೀರಿಕೊಂಡ ಮೇಲೆ, ಎಳೆಯ ಮಕ್ಕಳಿಗೆ ಕೆಮ್ಮಿನ ಸಿರಪ್ಪನ್ನು ವೈದ್ಯರ ಮಾತಿಲ್ಲದೆ ಕೊಡುವ ರೂಢಿಯನ್ನು ಪ್ರತಿಯೊಬ್ಬ ಫಾರ್ಮಾಸಿಸ್ಟರೂ ಪೂರ್ತಿ ಕೈಬಿಡಬೇಕು.

ಜ್ವರದ ವಿಷಯದಲ್ಲಿ ಮಲೆನಾಡಿನವರಿಗೆ ಇನ್ನಷ್ಟು ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಭಾಗದಲ್ಲೂ ಕಾಣಿಸಿಕೊಳ್ಳುತ್ತದೆ; ಅದರ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಕೊಡಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕಾಡಿಗೆ, ತೋಟಕ್ಕೆ ಹೋಗಿ ಬಂದವರು, ಉಣ್ಣೆ ಹುಳ ಕಚ್ಚಿದೆ ಎನ್ನುವವರು, ಹತ್ತಿರದಲ್ಲಿ ಮಂಗ ಸತ್ತದ್ದನ್ನು ಕಂಡವರು ಜ್ವರ, ತಲೆನೋವು ಎಂದು ಬಂದರೆ ಒಂದು ಸ್ಟ್ರಿಪ್ ಮಾರಿ ಸುಮ್ಮನಾಗದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಇದೇ ಮಾತು ಎದೆನೋವಿಗೂ ಸಲ್ಲುತ್ತದೆ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವೆಲ್ಲ ಸುದ್ದಿಯಾದ ಮೇಲೆ ಜನರಲ್ಲಿ ಭಯ ಹೆಚ್ಚಿದೆ. ರಕ್ತ ತೆಳುವಾಗುವ ಮಾತ್ರೆ ಕೊಡಿ, ಮುಂಜಾಗ್ರತೆಗೆ ತೆಗೆದುಕೊಳ್ಳುತ್ತೇನೆ ಎಂದು ಕೇಳಿದವರಿಗೆ ಅದನ್ನು ವೈದ್ಯರು ಪರೀಕ್ಷಿಸಿ ಬರೆಯಬೇಕಾದ ಔಷಧವೆಂದೂ ಅದರಿಂದ ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದೆಂದೂ ಸಮಾಧಾನದಿಂದ ತಿಳಿಸಿ ಇಸಿಜಿ ಮಾಡಿಸಿಕೊಳ್ಳಲು ಹೇಳಬೇಕು.

ಷೆಡ್ಯೂಲ್ ಎಚ್1 ಪಟ್ಟಿಯ ಔಷಧಗಳು 2014ರ ಮಾರ್ಚಿನಿಂದ ಪ್ರತ್ಯೇಕ ನಿಯಮಕ್ಕೆ ಒಳಪಟ್ಟಿವೆ. ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಗಳು, ಆಲ್‌ಪ್ರಜೋಲಮ್, ಟ್ರಮಡಾಲ್ ಇವೆಲ್ಲ ಅದರಲ್ಲಿ ಬರುತ್ತವೆ. ಇವನ್ನು ಕೊಟ್ಟಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕ್ಷಯರೋಗದ ಔಷಧ ಕೊಂಡವರ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2018ರಿಂದ ಫಾರ್ಮಾಸಿಸ್ಟರ ಕರ್ತವ್ಯವೂ ಆಗಿದೆ. ಎರಡು ಆ್ಯಂಟಿಬಯೋಟಿಕ್ ಮಾತ್ರೆ ಮಾತ್ರ ಕೊಡಿ ಎಂದು ಕೇಳುವ ಗಿರಾಕಿಗೆ ಇಲ್ಲ ಎನ್ನುವುದು ಸಣ್ಣ ಊರಿನಲ್ಲಿ ಕಷ್ಟ, ಏಕೆಂದರೆ ಅವರು ನೆಂಟರೋ ಪರಿಚಯದವರೋ ಆಗಿರುತ್ತಾರೆ. ಆದರೂ ಇಲ್ಲ ಎನ್ನಲೇಬೇಕು, ಮತ್ತು ಏಕೆ ಎಂಬುದನ್ನು ಎರಡು ನಿಮಿಷ ಕೂರಿಸಿ ಹೇಳಬೇಕು.

ಸರ್ಕಾರಿ ಕೆಲಸ ಮತ್ತು ಸ್ವಂತ ಅಂಗಡಿ

ಆರೋಗ್ಯ ಇಲಾಖೆಯಲ್ಲಿ ಫಾರ್ಮಸಿ ಅಧಿಕಾರಿಗಳ ಹುದ್ದೆಗೆ ಡಿ.ಫಾರ್ಮ್ ಮತ್ತು ನೋಂದಣಿ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರ ಕೆಲಸ ಔಷಧ ವಿತರಣೆಯಷ್ಟೇ ಆಗಿರುವುದಿಲ್ಲ. ಇಂಡೆಂಟ್ (ಬೇಕಾದ ಔಷಧಗಳ ಬೇಡಿಕೆ ಪಟ್ಟಿ) ಹಾಕುವುದು, ಸ್ಟಾಕ್ ರಿಜಿಸ್ಟರ್ ನೋಡಿಕೊಳ್ಳುವುದು, ಅವಧಿ ಮೊದಲು ಮುಗಿಯುವುದನ್ನು ಮೊದಲು ಹೊರಗೆ ಕಳಿಸುವುದು, ಲಸಿಕೆಯ ಶೈತ್ಯ ಕಾಪಾಡುವುದು ಎಲ್ಲವೂ ಇರುತ್ತದೆ. ಮಳೆಗಾಲದಲ್ಲಿ ಹಾವು ಕಡಿತದ ಪ್ರಕರಣಗಳು ಹೆಚ್ಚುವ ಈ ಸೀಮೆಯಲ್ಲಿ ವಿಷನಿರೋಧಕ ಚುಚ್ಚುಮದ್ದಿನ ದಾಸ್ತಾನು ಮುಗಿಯುವ ಮುನ್ನವೇ ಇಂಡೆಂಟ್ ಹೋಗಿರಬೇಕು. ಡ್ರಗ್ ಇನ್‌ಸ್ಪೆಕ್ಟರ್ ನೇಮಕಾತಿ ಕರ್ನಾಟಕ ಲೋಕಸೇವಾ ಆಯೋಗದ ಮೂಲಕ ನಡೆಯುತ್ತದೆ. ಎರಡೂ ನೇಮಕಾತಿಗಳಿಗೆ ಅಧಿಸೂಚನೆ ವರ್ಷವರ್ಷ ಬರುವುದಿಲ್ಲವಾದ್ದರಿಂದ, ಅದಕ್ಕಾಗಿ ಮನೆಯಲ್ಲಿ ಕಾಯುತ್ತ ಕೂರದೆ ಕೆಲಸ ಮಾಡುತ್ತಲೇ ಓದಬೇಕು.

ಸ್ವಂತ ಅಂಗಡಿ ತೆರೆಯುವವರು ಒಂದೆರಡು ವರ್ಷ ಬೇರೆಯವರಲ್ಲಿ ದುಡಿದು ಸ್ಟಾಕಿಸ್ಟರ (ಸಗಟು ಪೂರೈಕೆದಾರರ) ಪರಿಚಯ, ಖರೀದಿಯ ಲೆಕ್ಕ, ಊರಿನ ವೈದ್ಯರು ಬರೆಯುವ ಔಷಧಗಳು ಇವನ್ನು ತಿಳಿದುಕೊಂಡ ಮೇಲೆ ಕೈ ಹಾಕುವುದು ಲೇಸು. ಚಿಲ್ಲರೆ ಮಾರಾಟಕ್ಕೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ಸಗಟು ಮಾರಾಟವನ್ನೂ ಸೇರಿಸಿದರೆ 15. ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಅರ್ಜಿ ಹೋದ ಮೇಲೆ ಪರಿವೀಕ್ಷಕರು ಸ್ಥಳ ನೋಡಿ, ನಮೂನೆ 20 ಮತ್ತು 21ರ ಪರವಾನಗಿ ಬರುತ್ತದೆ. ಇನ್ನೂ ಬಿಗಿ ನಿಯಂತ್ರಣದಲ್ಲಿರುವ ಷೆಡ್ಯೂಲ್ ಎಕ್ಸ್ ಪಟ್ಟಿಯ ಔಷಧ ಮಾರುವುದಾದರೆ ನಮೂನೆ 20ಎಫ್ ಬೇರೆ. ಈಗ ಪರವಾನಗಿಗೆ ಅವಧಿಯ ಮಿತಿಯಿಲ್ಲ, ಆದರೆ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕು. ಬಂಡವಾಳ ಕಡಿಮೆಯಿರುವವರು ಜನೌಷಧಿ ಕೇಂದ್ರವನ್ನು ಯೋಚಿಸಬಹುದು. ಅದಕ್ಕೆ 120 ಚದರ ಅಡಿ ಜಾಗ ಸಾಕು, ಮಾರಾಟದ ಬೆಲೆಯ ಮೇಲೆ ಶೇ 20ರ ಲಾಭಾಂಶವಿದೆ. ಸಾಮಾನ್ಯ ಅಂಗಡಿಯಲ್ಲಿ ಸರ್ಕಾರ ಬೆಲೆ ನಿಗದಿ ಮಾಡಿದ ಔಷಧಗಳಿಗೆ ಚಿಲ್ಲರೆ ಲಾಭಾಂಶ ಶೇ 16 ಎಂಬುದು 2013ರ ಬೆಲೆ ನಿಯಂತ್ರಣ ಆದೇಶದಲ್ಲಿದೆ. ಬಾಡಿಗೆ, ಕರೆಂಟು, ಸಾಲದ ಕಂತು ಎಲ್ಲ ಆ ಹಣದಿಂದಲೇ ಹೋಗಬೇಕಾದ್ದರಿಂದ, ದೊಡ್ಡ ಬೋರ್ಡು, ಗಾಜಿನ ಅಲಂಕಾರಗಳಿಗೆ ಸುರಿಯುವ ಹಣವನ್ನು ಒಳ್ಳೆಯ ಫ್ರಿಜ್ಜಿಗೂ ಅದಕ್ಕೊಂದು ಯುಪಿಎಸ್‌ಗೂ ಹಾಕಬೇಕು. ಆಷಾಢದ ಮಳೆಯಲ್ಲಿ ಸಕಲೇಶಪುರ, ಮೂಡಿಗೆರೆ, ಕಳಸದ ಕಡೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಇನ್ಸುಲಿನ್, ಲಸಿಕೆಗಳು 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಲೂಬಾರದು. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಬಾರಿ ಬರೆದಿಡಿ. ಗೋಡೆ ಬೆವರುವ ಆ ತಿಂಗಳುಗಳಲ್ಲಿ ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಡಬೇಕು, ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸಬಾರದು, ಡಬ್ಬಿಯ ಮಾತ್ರೆಗಳನ್ನು ಬಿಡಿಯಾಗಿ ತೆರೆದಿಡಬಾರದು.

ಪ್ರತಿ ತಿಂಗಳ ಮೊದಲ ವಾರ ಎಲ್ಲ ಕಪಾಟುಗಳ ಎಕ್ಸ್‌ಪೈರಿ ನೋಡಿ, ಮುಂದಿನ ಮೂರು ತಿಂಗಳಲ್ಲಿ ಅವಧಿ ಮುಗಿಯುವ ಸ್ಟ್ರಿಪ್‌ಗಳನ್ನು ಮುಂದಕ್ಕೆ ತಂದು, ಮುಗಿದವನ್ನು ಮಾರಾಟಕ್ಕಲ್ಲ ಎಂದು ಬರೆದ ಪ್ರತ್ಯೇಕ ಪೆಟ್ಟಿಗೆಗೆ ಹಾಕಿ ಸ್ಟಾಕಿಸ್ಟರಿಗೆ ಹಿಂದಿರುಗಿಸಬೇಕು. ವೈದ್ಯರಿಗೆ ಕೊಟ್ಟ ಸ್ಯಾಂಪಲ್ ಮಾತ್ರೆಗಳನ್ನು ಅಂಗಡಿಯಲ್ಲಿ ಇಡುವುದೇ ಅಪರಾಧ. ಖರೀದಿಯ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಫೈಲಿನಲ್ಲಿಟ್ಟು, ಪ್ರತಿ ಗಿರಾಕಿಗೂ ಬ್ಯಾಚ್ ನಂಬರ್ ಇರುವ ಬಿಲ್ ಕೊಡಿ. ಯಾವುದಾದರೂ ಬ್ಯಾಚನ್ನು ಸರ್ಕಾರ ಹಿಂದೆ ತೆಗೆದುಕೊಳ್ಳಿ ಎಂದಾಗ, ಅದು ಯಾರ ಮನೆಗೆ ಹೋಗಿದೆಯೆಂದು ಹುಡುಕಿ ಫೋನ್ ಮಾಡಲು ಆ ಬಿಲ್ಲೊಂದೇ ದಾರಿ.